ಕಾರಿನ ಗಾಜಿನ ಬಿಡದ ಮಬ್ಬು: ಒಳಗಿನದೋ, ಹೊರಗಿನದೋ?

ಬೆಳಗ್ಗೆ ಏಳರ ಹೊತ್ತಿಗೆ ಬೆಂಗಳೂರಿನಿಂದ ಕೋಲಾರದ ಕಡೆ ಕಾರಿನಲ್ಲಿ ಹೊರಟವರಿಗೆ ಈ ಕಷ್ಟ ಗೊತ್ತಿರುತ್ತದೆ. ಹೊಸಕೋಟೆ ದಾಟಿ ಬಿಸಿಲು ನೇರ ಮುಖಕ್ಕೆ ಬೀಳುತ್ತಿದ್ದಂತೆ, ಅಲ್ಲಿಯವರೆಗೆ ಚೊಕ್ಕಟವಾಗಿಯೇ ಕಾಣುತ್ತಿದ್ದ ಮುಂದಿನ ಗಾಜು ಒಮ್ಮೆಲೇ ಬೆಳ್ಳಗಾಗಿಬಿಡುತ್ತದೆ. ಮುಂದೆ ಹೋಗುತ್ತಿರುವ ಲಾರಿಯ ಬ್ರೇಕ್ ದೀಪ ಹತ್ತಿತೋ ಇಲ್ಲವೋ ತಿಳಿಯುವುದಿಲ್ಲ. ರಾತ್ರಿ ಶಿರಾಡಿ ಘಾಟಿಯ ತಿರುವಿನಲ್ಲಿ ಎದುರಿನ ಬಸ್ಸಿನ ಹೆಡ್‌ಲೈಟ್ ಬಿದ್ದಾಗಲೂ ಇದೇ ಪಾಡು. ಬೆಳಕು ಗಾಜಿನ ತುಂಬಾ ಹರಡಿಕೊಂಡು, ರಸ್ತೆಯ ಅಂಚು ಎಲ್ಲಿದೆ, ಬದಿಯಲ್ಲಿ ಯಾರಾದರೂ ನಡೆದು ಬರುತ್ತಿದ್ದಾರೆಯೇ ಎಂಬುದು ಕಾಣದಂತಾಗುತ್ತದೆ. ವೈಪರ್ ಹಾಕಿದರೆ ಹೋಗುವುದಿಲ್ಲ. ಕರ್ಚೀಫಿನಿಂದ ಒರೆಸಿದರೆ ಇನ್ನಷ್ಟು ಮೆತ್ತಿಕೊಳ್ಳುತ್ತದೆ. ಮನೆಗೆ ಬಂದು ಶಾಂಪೂ ಹಾಕಿ ತೊಳೆದರೂ ಮರುದಿನ ಅದೇ ಮಬ್ಬು.

ಬಹಳಷ್ಟು ಸಲ ಈ ಮಬ್ಬು ಹೋಗದಿರುವುದಕ್ಕೆ ಕಾರಣ ಸರಳ: ಒಳಗಿನ ಕೊಳೆಗೆ ಹೊರಗಿನ ಮದ್ದು, ಹೊರಗಿನ ಕೊಳೆಗೆ ಒಳಗಿನ ಮದ್ದು ಹಚ್ಚುತ್ತಿರುತ್ತೇವೆ. ಗಾಜಿನ ಒಳಮೈಗೆ ಕೂರುವುದು ಎಣ್ಣೆಯ ಜಾತಿಯ ಪೊರೆ. ಹೊರಮೈಯಲ್ಲಿ ಬಿಡದೆ ಉಳಿಯುವುದು ಬಹುಮಟ್ಟಿಗೆ ಸುಣ್ಣದ ಜಾತಿಯ ಕಲೆ. ಎಣ್ಣೆಗೆ ಸೋಪು, ಸ್ಪಿರಿಟ್ ಬೇಕು. ಸುಣ್ಣಕ್ಕೆ ಹುಳಿ ಬೇಕು. ಯಾವುದು ಎಲ್ಲಿದೆ ಎಂದು ಪತ್ತೆ ಮಾಡದೆ ಅಂಗಡಿಯಿಂದ ಒಂದರ ಮೇಲೊಂದು ಬಾಟಲಿ ತರುವುದು ದಂಡ.

ಮಬ್ಬು ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ, ಅದರ ದಿಕ್ಕು ತಪ್ಪಿಸುತ್ತದೆ. ಆದ್ದರಿಂದಲೇ ನೆರಳಿನಲ್ಲಿ, ಮೋಡ ಕವಿದ ದಿನ, ನಡುಮಧ್ಯಾಹ್ನ ಅದು ಕಣ್ಣಿಗೇ ಬೀಳುವುದಿಲ್ಲ. ಬೆಳಕು ಒಂದೇ ಕಡೆಯಿಂದ ಎದುರಾಗಿ ಬಂದಾಗ ಮಾತ್ರ ಪೊರೆಯ ಕಣಕಣವೂ ಅದನ್ನು ನಾಲ್ಕು ದಿಕ್ಕಿಗೆ ಎರಚುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ. 70ರಷ್ಟು ಬೆಳಕು ಹಾಯಬೇಕು. ಮಬ್ಬುಗಟ್ಟಿದ ಗಾಜು ಈ ಅಳತೆಯಲ್ಲಿ ಪಾಸಾದರೂ ಎದುರಿನ ದೀಪ ಬಿದ್ದ ಕ್ಷಣ ಚಾಲಕನನ್ನು ಕುರುಡಾಗಿಸಬಲ್ಲದು. ಈಚಿನ ಕಾರುಗಳಲ್ಲಿ ಮುಂದಿನ ಗಾಜು ಹೆಚ್ಚು ಓರೆಯಾಗಿ ಮಲಗಿರುವುದರಿಂದ ತೊಂದರೆ ಇನ್ನೂ ಎದ್ದು ಕಾಣುತ್ತದೆ.

ಮೊದಲು ಪತ್ತೆ

ಗಾಜಿನ ಒಂದು ಮೂಲೆಯಲ್ಲಿ ಅಂಗೈ ಅಗಲದ ಜಾಗ ಆರಿಸಿಕೊಳ್ಳಿ. ಒಳಗಡೆಯಿಂದ ಆ ಜಾಗವನ್ನು ಮಾತ್ರ, ಸ್ಪಿರಿಟ್ ಹನಿಸಿದ ಶುಭ್ರವಾದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಯನ್ನೊಮ್ಮೆ ನೋಡಿ. ಹಳದಿ ಬೆರೆತ ಕಂದು ಬಣ್ಣವೋ, ಬೂದು ಬಣ್ಣವೋ ಹತ್ತಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಕತ್ತಲಾದ ಮೇಲೆ ಚಾಲಕನ ಸೀಟಿನಲ್ಲಿ ಕುಳಿತು, ಮನೆಯವರೊಬ್ಬರಿಗೆ ಹೊರಗಿನಿಂದ ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಡಲು ಹೇಳಿ. ಒರೆಸಿದ ಜಾಗ ಸ್ಪಷ್ಟವಾಗಿದ್ದು ಸುತ್ತಲಿನದು ಮಂಕಾಗಿ ಕಂಡರೆ ಮಬ್ಬು ಒಳಗಿನದು. ಏನೂ ವ್ಯತ್ಯಾಸ ಕಾಣದಿದ್ದರೆ ಹೊರಗೆ ಹುಡುಕಬೇಕು. ಎರಡೂ ಕಡೆ ಇರುವ ಕಾರುಗಳೂ ಬೇಕಾದಷ್ಟಿವೆ.

ಹೊರಮೈ ಪರೀಕ್ಷಿಸಲು ಗಾಜನ್ನು ತೊಳೆದು ಒಣಗಿಸಿ, ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬೆರಳ ತುದಿಯನ್ನು ಗಾಜಿನ ಮೇಲೆ ಮೆಲ್ಲಗೆ ಆಡಿಸಿ. ಬರಿಗೈಗೆ ನುಣುಪಾಗಿಯೇ ಇದ್ದ ಗಾಜು ಚೀಲದ ಮೂಲಕ ತರಿತರಿಯಾಗಿ ತಗಲುತ್ತದೆ. ಆ ತರಿಯೇ ಒಣಗಿ ಕೂತ ಲವಣ, ಮರದ ಅಂಟು, ರಸ್ತೆಯ ಟಾರು. ಮಬ್ಬು ವೈಪರ್ ಓಡಾಡುವ ಕಮಾನಿನ ಆಕಾರದಲ್ಲೇ ಇದ್ದರೆ ತಪ್ಪು ವೈಪರಿನದು. ಪ್ರತಿ ಸಲ ವೈಪರ್ ದಾಟಿದ ಮೇಲೆ ಒಂದೆರಡು ಸೆಕೆಂಡು ಮಸುಕು ಮೂಡಿ ಮಾಯವಾಗುತ್ತಿದ್ದರೆ ಗಾಜಿನ ಮೇಲೆ ವ್ಯಾಕ್ಸೋ, ಮಳೆನೀರು ಜಾರಲೆಂದು ಹಚ್ಚಿಸಿದ ಕೋಟಿಂಗಿನ ಪಳೆಯುಳಿಕೆಯೋ ಇದೆ ಎಂದರ್ಥ.

ಇನ್ನೊಂದು ಬಗೆಯ ಮಬ್ಬಿದೆ; ಅದನ್ನು ಯಾವ ಬಟ್ಟೆಯೂ ಮುಟ್ಟಲಾರದು. ಕಾರಿನ ಮುಂದಿನ ಗಾಜು ಒಂದೇ ಹಾಳೆಯಲ್ಲ. ಎರಡು ಗಾಜಿನ ಹಾಳೆಗಳ ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ತೆಳು ಪ್ಲಾಸ್ಟಿಕ್ ಪದರವನ್ನು ಇಟ್ಟು ಬೆಸೆದಿರುತ್ತಾರೆ; ಕಲ್ಲು ಬಡಿದಾಗ ಗಾಜು ಚೂರಾಗಿ ಮುಖಕ್ಕೆ ಹಾರದೆ ಬಿರುಕು ಬಿಟ್ಟು ನಿಲ್ಲುವುದು ಈ ಪದರದಿಂದ. ವರ್ಷಗಳು ಕಳೆದಂತೆ ಅಂಚಿನಿಂದ ತೇವ ನುಗ್ಗಿದರೆ ಬೆಸುಗೆ ಬಿಟ್ಟು, ಅಂಚಿನುದ್ದಕ್ಕೂ ಬೆಳ್ಳನೆಯ ಮಸುಕೋ ಸಣ್ಣ ಗುಳ್ಳೆಗಳೋ ಕಾಣಿಸಿಕೊಳ್ಳುತ್ತವೆ. ಒಳಗೆ, ಹೊರಗೆ ಎರಡೂ ಕಡೆ ಉಗುರಾಡಿಸಿದರೂ ಏನೂ ಸಿಗದ ಮಸುಕು ಇದು. ಇದಕ್ಕೆ ಗಾಜು ಬದಲಿಸುವುದೊಂದೇ ದಾರಿ.

ಒಳಗಿನ ಪೊರೆ ಎಲ್ಲಿಂದ ಬರುತ್ತದೆ?

ಕಿಟಕಿ ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಬಿಸಿ ಸುಲಭವಾಗಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರ ಪ್ಲಾಸ್ಟಿಕ್ ಮತ್ತು ರೆಕ್ಸಿನ್ ಮೆತ್ತಗಿರಲೆಂದು ಬೆರೆಸಿರುವ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ರಾಸಾಯನಿಕಗಳು ಆ ಬಿಸಿಗೆ ಆವಿಯಾಗಿ ಮೇಲೇಳುತ್ತವೆ. ಸಂಜೆ ತಂಪಾದಾಗ ಮೇಲಿರುವ ಗಾಜಿಗೆ ತಗಲಿ ಅಲ್ಲೇ ಕೂರುತ್ತವೆ. ಹೊಸ ಕಾರಿನ ವಾಸನೆ ಎಂದು ನಾವು ಖುಷಿಪಡುವುದರಲ್ಲಿ ಇದರ ಪಾಲೂ ಇದೆ. ಕಾರು ಉದ್ಯಮಕ್ಕೆ ಈ ಸಂಗತಿ ಹೊಸದೇನಲ್ಲ. ಒಳಾಂಗಣದ ಸಾಮಗ್ರಿಯಿಂದ ಎಷ್ಟು ಪೊರೆ ಏಳುತ್ತದೆ ಎಂದು ಅಳೆಯಲು ಐಎಸ್‌ಒ 6452 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಅದರ ಒಂದು ವಿಧಾನದಲ್ಲಿ ಸಾಮಗ್ರಿಯ ತುಂಡನ್ನು 100 ಡಿಗ್ರಿಯಲ್ಲಿ 3 ಗಂಟೆ ಬಿಸಿ ಮಾಡಿ, ಮೇಲೆ ತಣ್ಣಗಿನ ಗಾಜಿನ ಫಲಕ ಇಟ್ಟು, ಅದರ ಹೊಳಪು ಎಷ್ಟು ಕುಂದಿತು ಎಂದು ನೋಡುತ್ತಾರೆ. ನಮ್ಮ ಕಾರು ಅದೇ ಪರೀಕ್ಷೆಯನ್ನು ಏಪ್ರಿಲ್ ಬಿಸಿಲಿನಲ್ಲಿ ದಿನಾಲೂ ಮಾಡುತ್ತಿರುತ್ತದೆ.

ಇದರ ಮೇಲೆ ನಾವೇ ಸೇರಿಸುವುದು ಬೇರೆ. ವಾಟರ್ ಸರ್ವಿಸ್‌ಗೆ ಬಿಟ್ಟಾಗ ಹುಡುಗರು ಪ್ರೀತಿಯಿಂದ ಡ್ಯಾಶ್‌ಬೋರ್ಡಿಗೆ ಮಿರಮಿರ ಮಿಂಚುವ ಸಿಲಿಕೋನ್ ಪಾಲಿಶ್ ಬಳಿದಿರುತ್ತಾರೆ. ಗಾಜಿನ ಮಬ್ಬಿಗೆ ಅದರಷ್ಟು ಬೇಗ ದಾರಿ ಮಾಡಿಕೊಡುವ ಇನ್ನೊಂದು ವಸ್ತು ನನಗೆ ಗೊತ್ತಿಲ್ಲ. ಎಸಿ ಗಾಳಿಗೆ ಸಿಕ್ಕಿಸುವ ಪರ್‌ಫ್ಯೂಮ್, ಡ್ಯಾಶ್‌ಬೋರ್ಡಿನ ದೇವರ ಮುಂದೆ ಹಚ್ಚುವ ಊದುಬತ್ತಿ, ಸಿಗರೇಟು, ಮಕ್ಕಳ ಎಣ್ಣೆ ಹಚ್ಚಿದ ತಲೆ, ಗಾಜಿನ ಮೇಲೆ ಬರೆಯುವ ಬೆರಳು, ಎಲ್ಲವೂ ತಮ್ಮ ತಮ್ಮ ಪಾಲು ಕೊಡುತ್ತವೆ. ಪೊರೆ ಇರುವ ಗಾಜಿಗೆ ಮಳೆಗಾಲದಲ್ಲಿ ಬೇಗ ಹಬೆ ಹಿಡಿಯುತ್ತದೆ, ಬೇಗ ಬಿಡುವುದೂ ಇಲ್ಲ.

ಒಳಗಿನದನ್ನು ತೆಗೆಯುವ ಕ್ರಮ

ಬೇಕಾದ ಸಾಮಾನು ಕಡಿಮೆ: ಎಳೆ ಚಿಕ್ಕದಾಗಿರುವ ಮೂರು ನಾಲ್ಕು ಮೈಕ್ರೋಫೈಬರ್ ಬಟ್ಟೆ, ಪಾತ್ರೆ ತೊಳೆಯುವ ಲಿಕ್ವಿಡ್, ಡಿಸ್ಟಿಲ್ಡ್ ವಾಟರ್, ಐಸೊಪ್ರೊಪೈಲ್ ಆಲ್ಕೊಹಾಲ್. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಆಲ್ಕೊಹಾಲನ್ನು ಮೊಬೈಲ್ ರಿಪೇರಿಯವರು ಐಪಿಎ ಎಂದು ಕರೆಯುತ್ತಾರೆ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ, ಕೆಲವು ಮೆಡಿಕಲ್ ಸ್ಟೋರುಗಳಲ್ಲಿ ಸಿಗುತ್ತದೆ. ಶೇ. 70ರದ್ದಾದರೆ ಹಾಗೆಯೇ ಬಳಸಬಹುದು, ಶೇ. 99ರದ್ದಾದರೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿಕೊಳ್ಳಿ. ಕೊರೊನಾ ಕಾಲದಲ್ಲಿ ತಂದಿಟ್ಟ ಹ್ಯಾಂಡ್ ಸ್ಯಾನಿಟೈಜರ್ ಬೇಡ. ಕೈ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್ ಹಾಕಿರುತ್ತಾರೆ. ಆಲ್ಕೊಹಾಲ್ ಆರಿದ ಮೇಲೆ ಗ್ಲಿಸರಿನ್ ಗಾಜಿನ ಮೇಲೆ ಉಳಿದು ಹೊಸ ಪೊರೆಯಾಗುತ್ತದೆ.

ಕಾರು ನೆರಳಿನಲ್ಲಿರಲಿ, ಗಾಜು ಮುಟ್ಟಿದರೆ ತಣ್ಣಗಿರಲಿ. ಬಿಸಿ ಗಾಜಿನ ಮೇಲೆ ದ್ರವ ಒರೆಸುವ ಮೊದಲೇ ಆರಿ ಗೆರೆ ಬೀಳುತ್ತದೆ. ಬಾಗಿಲುಗಳನ್ನೆಲ್ಲ ತೆರೆದಿಡಿ. ಐಪಿಎ ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತು, ಹತ್ತಿರದಲ್ಲಿ ಊದುಬತ್ತಿ, ಬೀಡಿ ಯಾವುದೂ ಇರಬಾರದು. ಡ್ಯಾಶ್‌ಬೋರ್ಡಿನ ಮೇಲೆ ಒಂದು ಹಳೇ ಟವೆಲ್ ಹಾಸಿ. ಚಾಲಕನ ಸೀಟಿನಲ್ಲಿ ಕೂತರೆ ಸ್ಟೀರಿಂಗ್ ಅಡ್ಡ ಬರುತ್ತದೆ. ಪಕ್ಕದ ಸೀಟಿನಲ್ಲಿ ಕೂತು ಕೈ ಚಾಚಿದರೆ ಇಡೀ ಗಾಜು ಸಿಗುತ್ತದೆ.

ಮೊದಲು ಗಾಜು ಮತ್ತು ಡ್ಯಾಶ್‌ಬೋರ್ಡ್ ಕೂಡುವ ಕೆಳಗಿನ ಸಂದಿಯಲ್ಲಿರುವ ಧೂಳನ್ನು ಮೆತ್ತನೆ ಬ್ರಶ್ಶಿನಿಂದ ತೆಗೆಯಿರಿ. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ಲಿಕ್ವಿಡ್ ಒಂದೇ ಹನಿ ಹಾಕಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ, ಮೇಲಿನಿಂದ ಕೆಳಕ್ಕೆ ಒರೆಸಿ. ಒಂದು ಹನಿಗಿಂತ ಹೆಚ್ಚು ಹಾಕಿದರೆ ಆಮೇಲೆ ಸೋಪಿನ ಪೊರೆ ತೆಗೆಯುವ ಕೆಲಸ ಹೆಚ್ಚುತ್ತದೆ. ಎರಡನೆಯ ಬಟ್ಟೆಯನ್ನು ಬರೀ ನೀರಿನಲ್ಲಿ ಅದ್ದಿ ಹಿಂಡಿ ಇನ್ನೊಮ್ಮೆ ಒರೆಸಿ. ಎಣ್ಣೆಯ ದಪ್ಪ ಪದರ ಇಷ್ಟರಲ್ಲಿ ಹೋಗಿರುತ್ತದೆ. ಉಳಿದ ತೆಳು ಪದರಕ್ಕೆ ಐಪಿಎ.

ಬಟ್ಟೆಯನ್ನು ನಾಲ್ಕಾಗಿ ಮಡಚಿ. ಐಪಿಎಯನ್ನು ಬಟ್ಟೆಗೆ ಸಿಂಪಡಿಸಿ, ಗಾಜಿಗೆ ಬೇಡ. ಡ್ಯಾಶ್‌ಬೋರ್ಡಿನ ಮೇಲೆ, ಟಚ್ ಸ್ಕ್ರೀನಿನ ಮೇಲೆ, ಕನ್ನಡಿಯ ಹಿಂದಿರುವ ಕ್ಯಾಮೆರಾ, ಮಳೆ ಸೆನ್ಸರ್‌ಗಳ ಮೇಲೆ ಹನಿ ಬೀಳಬಾರದು. ಎರಡು ಗೇಣು ಅಗಲದ ಜಾಗ ಒರೆಸಿ ಬಟ್ಟೆಯ ಮಡಿಕೆ ತಿರುಗಿಸಿ, ಕೂಡಲೇ ಒಣಬಟ್ಟೆಯಿಂದ ಉಜ್ಜಿ, ಮುಂದಿನ ಜಾಗಕ್ಕೆ ಹೋಗಿ. ಮಡಿಕೆ ತಿರುಗಿಸುವುದನ್ನು ಉದಾಸೀನ ಮಾಡಬೇಡಿ. ಒಂದೇ ಮಗ್ಗುಲಲ್ಲಿ ಇಡೀ ಗಾಜು ಒರೆಸಿದರೆ ಎಡಗಡೆಯ ಎಣ್ಣೆ ಬಲಗಡೆಗೆ ಹೋಗುತ್ತದೆ, ಅಷ್ಟೇ. ಗಾಜಿನ ಕೆಳತುದಿಗೆ ಅಂಗೈ ಹೋಗುವುದಿಲ್ಲ. ಕೈ ಮಗುಚಿ, ಮುಂಗೈ ಡ್ಯಾಶ್‌ಬೋರ್ಡಿನ ಕಡೆಗಿರುವಂತೆ ಇಟ್ಟು ಬೆರಳ ತುದಿಯಿಂದ ಬಟ್ಟೆಯನ್ನು ತಳ್ಳಿದರೆ ಮೂಲೆಯವರೆಗೂ ಹೋಗುತ್ತದೆ. ಪೊರೆ ಅತಿ ದಪ್ಪವಾಗಿರುವುದು ಆ ಮೂಲೆಯಲ್ಲೇ, ಬಿಸಿಗಾಳಿ ಮೊದಲು ತಗಲುವ ಜಾಗ ಅದು.

ಒಳಗಡೆ ಮೇಲಿನಿಂದ ಕೆಳಕ್ಕೆ, ಹೊರಗಡೆ ಅಡ್ಡಡ್ಡ ಒರೆಸುವ ರೂಢಿ ಇಟ್ಟುಕೊಂಡರೆ ಉಳಿದ ಗೆರೆ ಯಾವ ಕಡೆಯದೆಂದು ನೋಡಿದ ಕೂಡಲೇ ತಿಳಿಯುತ್ತದೆ. ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ, ಪರಿಮಳಕ್ಕೆಂದು ಹಾಕುವ ಫ್ಯಾಬ್ರಿಕ್ ಕಂಡೀಷನರ್ ಮಾತ್ರ ಹಾಕಬೇಡಿ. ಅದು ಎಳೆಗಳಿಗೆ ಅಂಟಿಕೊಂಡು ಮುಂದಿನ ಸಲ ಗಾಜಿಗೆ ಬಳಿದುಕೊಳ್ಳುತ್ತದೆ.

ಫಾಸ್ಟ್ಯಾಗ್ ಇರುವ ಜಾಗದಲ್ಲಿ ಹುಷಾರು. ಅದನ್ನು ಕಿತ್ತರೆ ಒಳಗಿನ ಆಂಟೆನಾ ಹರಿದು ಕೆಲಸಕ್ಕೆ ಬಾರದಂತೆ ತಯಾರಿಸಿರುತ್ತಾರೆ. ಅದರ ಅಂಚಿನವರೆಗೆ ಒರೆಸಿ ಬಿಟ್ಟುಬಿಡಿ. ಅವಧಿ ಮುಗಿದ ಇತರ ಸ್ಟಿಕರ್‌ಗಳನ್ನು ಹೇರ್ ಡ್ರೈಯರಿನಿಂದ ಮೆಲ್ಲಗೆ ಬಿಸಿ ಮಾಡಿ, ಹಳೆಯ ಎಟಿಎಂ ಕಾರ್ಡಿನಿಂದ ಎಬ್ಬಿಸಿ, ಉಳಿದ ಅಂಟನ್ನು ಐಪಿಎಯಿಂದ ತೆಗೆಯಬಹುದು. ಹಿಂದಿನ ಗಾಜಿನ ಒಳಮೈಯಲ್ಲಿರುವ ಡಿಫಾಗರ್ ತಂತಿಗಳನ್ನು ಅವುಗಳ ಉದ್ದಕ್ಕೇ ಒರೆಸಬೇಕು. ಬ್ಲೇಡು, ಸ್ಟೀಲ್ ವುಲ್ ಅಲ್ಲಿಗೆ ಸುಳಿಯಲೇಬಾರದು.

ಹೊಸ ಕಾರಾದರೆ ತಿಂಗಳೊಳಗೆ ಪೊರೆ ಮತ್ತೆ ಬರುತ್ತದೆ, ಗಾಬರಿ ಬೇಡ. ಆವಿ ಕಡಿಮೆಯಾಗುವವರೆಗೆ ತಿಂಗಳಿಗೊಮ್ಮೆ ಐಪಿಎ ಸಾಕು. ಗಾಜು ಎರಡೂ ಕಡೆ ಚೊಕ್ಕಟವಾದ ಮೇಲೂ ಎದುರಿನ ದೀಪದ ಸುತ್ತ ಪ್ರಭೆ ಕಾಣುತ್ತಿದ್ದರೆ ಕನ್ನಡಕ ಒರೆಸಿ ನೋಡಿ. ಆಗಲೂ ಹೋಗದಿದ್ದರೆ, ಅದರಲ್ಲೂ ಐವತ್ತು ದಾಟಿದವರು, ಕಣ್ಣಿನ ವೈದ್ಯರಿಗೆ ತೋರಿಸಿಕೊಳ್ಳಿ. ಕಣ್ಣಿನ ಪೊರೆಯ ಲಕ್ಷಣವೂ ಹೀಗೆಯೇ ಇರುತ್ತದೆ.

ಹೊರಮೈ ಮತ್ತು ಗಡಸು ನೀರು

ಕರ್ನಾಟಕದ ಬಯಲುಸೀಮೆಯಲ್ಲಿ ಕಾರು ತೊಳೆಯುವುದು ಹೆಚ್ಚಾಗಿ ಬೋರ್‌ವೆಲ್ ನೀರಿನಲ್ಲಿ. ಬೆಂಗಳೂರಿನಲ್ಲಂತೂ 2024ರ ಬೇಸಗೆಯ ನೀರಿನ ಅಭಾವದಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಅದು ಸರಿಯಾದ ಕ್ರಮವೇ. ಆದರೆ ಬೋರ್‌ವೆಲ್ ನೀರನ್ನು ಗಾಜಿನ ಮೇಲೆ ಹಾಗೇ ಒಣಗಲು ಬಿಟ್ಟರೆ ಏನಾಗುತ್ತದೆ ನೋಡಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ಗಡಸುತನದ ಒಪ್ಪಿತ ಮಿತಿ ಲೀಟರಿಗೆ 200 ಮಿಲಿಗ್ರಾಂ; ಬೇರೆ ನೀರೇ ಇಲ್ಲದಾಗ 600ರವರೆಗೆ ಸೈರಿಸಬಹುದು. 600 ಇರುವ ಒಂದು ಲೀಟರ್ ನೀರು ಆರಿ ಹೋದರೆ ಅರ್ಧ ಗ್ರಾಂಗೂ ಹೆಚ್ಚು ಸುಣ್ಣದ ಅಂಶ ಹಿಂದೆ ಉಳಿಯುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ವ್ಯರ್ಥ ಮಾಡಬಾರದೆಂದು ಹಿಡಿದಿಟ್ಟು ಕಾರು ತೊಳೆಯುವವರಿದ್ದಾರೆ. ಉದ್ದೇಶ ಒಳ್ಳೆಯದು. ಆದರೆ ಆ ನೀರಿನಲ್ಲಿ ಲವಣ ಮೂಲ ನೀರಿಗಿಂತಲೂ ಹೆಚ್ಚು. ಅದನ್ನು ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಿ, ಗಾಜಿಗೆ ಬೇಡ. ಬೋರ್‌ವೆಲ್ ನೀರಿನಲ್ಲೇ ತೊಳೆಯಬೇಕಾದರೆ ಬಿಸಿಲೇರುವ ಮುಂಚೆ ತೊಳೆದು, ಒಂದು ಹನಿಯೂ ತಾನಾಗಿ ಒಣಗದಂತೆ ಒಣಬಟ್ಟೆಯಿಂದ ಒರೆಸಿಬಿಡಿ. ಈ ಎರಡು ನಿಮಿಷದ ಕೆಲಸ ಮಾಡುವವರಿಗೆ ಮುಂದಿನ ಅರ್ಧ ಲೇಖನ ಬೇಕಾಗುವುದೇ ಇಲ್ಲ.

ಈಗಾಗಲೇ ಬೆಳ್ಳನೆಯ ಚುಕ್ಕೆ ಕೂತಿದ್ದರೆ ಬಿಳಿ ವಿನೆಗರ್ ತನ್ನಿ. ಗಾಜನ್ನು ತೊಳೆದು ಮರಳು ಧೂಳು ತೆಗೆದ ಮೇಲೆ, ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನೋ ದಪ್ಪ ಟಿಶ್ಯೂವನ್ನೋ ಕಲೆಯ ಮೇಲೆ ಐದು ಹತ್ತು ನಿಮಿಷ ಹಾಸಿಡಿ. ಹುಳಿ ಸುಣ್ಣವನ್ನು ಕರಗುವ ಲವಣವಾಗಿ ಮಾಡುತ್ತದೆ. ಮೆಲ್ಲಗೆ ಉಜ್ಜಿ, ಧಾರಾಳ ನೀರು ಬಿಟ್ಟು ತೊಳೆಯಿರಿ. ಬಾನೆಟ್ಟಿನ ಪೇಂಟಿನ ಮೇಲೆ, ಗಾಜಿನ ಸುತ್ತಲಿನ ರಬ್ಬರಿನ ಮೇಲೆ ಹುಳಿ ನಿಲ್ಲಬಾರದು. ನಿಂಬೆಹಣ್ಣಿನ ರಸಕ್ಕಿಂತ ವಿನೆಗರ್ ಒಳ್ಳೆಯದು. ರಸದ ಜತೆ ಸಕ್ಕರೆ, ತಿರುಳು, ಸಿಪ್ಪೆಯ ಎಣ್ಣೆಯೂ ಗಾಜಿಗೆ ಹೋಗುತ್ತದೆ.

ವಿನೆಗರ್ ಎರಡು ಸಲ ಹಾಕಿದರೂ ಕಲೆ ಜಗ್ಗದಿದ್ದರೆ ಅಲ್ಲಿ ಉಳಿದಿರುವುದು ಸುಣ್ಣವಲ್ಲ, ಸಿಲಿಕಾ. ಬೋರ್‌ವೆಲ್ ನೀರಿನಲ್ಲಿ ಅದೂ ಇರುತ್ತದೆ. ಗಾಜು ಮಾಡಿರುವುದೂ ಸಿಲಿಕಾದಿಂದಲೇ ಆದ್ದರಿಂದ ಮನೆಯ ಯಾವ ಹುಳಿಗೂ ಅದು ಕರಗದು. ಕಾರಿನ ಕಲೆಗಳು ಹಳತಾದಷ್ಟೂ ಹಟಮಾರಿಯಾಗುವುದಕ್ಕೆ ಇದೊಂದು ಕಾರಣ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ತಾರಸಿಯಿಂದ ತೊಟ್ಟಿಕ್ಕುವ ನೀರಿನ ಕಲೆ ಇನ್ನೊಂದು ಬಗೆಯದು. ಕಾಂಕ್ರೀಟಿನ ಸುಣ್ಣ ಹೊತ್ತು ಬರುವ ಆ ನೀರು ಕ್ಷಾರೀಯ. ಕ್ಷಾರ ಗಾಜಿನ ಮೈಯನ್ನೇ ತಿನ್ನುತ್ತದೆ. ಅಂಥ ಹನಿ ಬಿದ್ದ ದಿನವೇ ವಿನೆಗರ್ ಹಾಕಿ ತೊಳೆದರೆ ಹೋಗುತ್ತದೆ, ತಿಂಗಳು ಬಿಟ್ಟರೆ ಗುರುತು ಉಳಿಯುತ್ತದೆ. ತೊಟ್ಟಿಕ್ಕುವ ಜಾಗದಲ್ಲಿ ಪಾರ್ಕಿಂಗ್ ಇದ್ದರೆ ಸಂಘದವರ ಬೆನ್ನು ಹತ್ತಿ ಸೋರಿಕೆ ನಿಲ್ಲಿಸಿ, ಅಲ್ಲಿಯವರೆಗೆ ಕವರ್ ಹೊದಿಸಿ.

ಮರದ ಕೆಳಗೆ ನಿಲ್ಲಿಸುವವರ ಗಾಜಿಗೆ ಕೀಟಗಳು ಸುರಿಸುವ ಅಂಟು ಬೀಳುತ್ತದೆ. ಬಿಸಿನೀರು, ಸೋಪು, ಆಮೇಲೆ ಐಪಿಎ ಇದಕ್ಕೆ ಸಾಕು. ಟಾರು, ಡೀಸೆಲ್ ಮಸಿ, ಬ್ರೇಕಿನ ಪುಡಿ ಬೆರೆತ ರಸ್ತೆಯ ಪೊರೆಗೆ ಕ್ಲೇ ಬಾರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮೆತ್ತನೆಯ ಜೇಡಿಯಂಥ ಈ ಮುದ್ದೆ ಕಾರು ಸಾಮಗ್ರಿಯ ಅಂಗಡಿಯಲ್ಲಿ ಸಿಗುತ್ತದೆ. ಗಾಜಿನ ಮೇಲೆ ಶಾಂಪೂ ನೀರು ಸಿಂಪಡಿಸಿಕೊಂಡು ಮುದ್ದೆಯನ್ನು ಒತ್ತದೆ ಜಾರಿಸುತ್ತ ಹೋದರೆ ಮೊದಲು ಗರಗರ ತಡೆಯುತ್ತದೆ, ಆಮೇಲೆ ಸದ್ದಿಲ್ಲದೆ ಜಾರತೊಡಗುತ್ತದೆ. ಆಗ ಆ ಜಾಗ ಮುಗಿಯಿತು. ನೆಲಕ್ಕೆ ಬಿದ್ದ ಕ್ಲೇಯನ್ನು ಮತ್ತೆ ಬಳಸಬೇಡಿ, ಅದರಲ್ಲಿ ಮರಳು ಕಚ್ಚಿಕೊಂಡಿರುತ್ತದೆ.

ಸಿಲಿಕಾದ ಕಲೆಗೆ, ಹಳೇ ಕೋಟಿಂಗಿನ ಪಳೆಯುಳಿಕೆಗೆ ಕೊನೆಯ ಉಪಾಯ ಸೀರಿಯಂ ಆಕ್ಸೈಡ್. ಕನ್ನಡಕದ ಲೆನ್ಸ್, ದೂರದರ್ಶಕದ ಕನ್ನಡಿಗಳಿಗೆ ಹೊಳಪು ಕೊಡಲು ಬಳಸುವ ಪುಡಿ ಇದು. ಬರೀ ತಿಕ್ಕುವುದಲ್ಲದೆ ಗಾಜಿನ ಮೇಲ್ಪದರದೊಂದಿಗೆ ರಾಸಾಯನಿಕವಾಗಿಯೂ ವರ್ತಿಸುವುದರಿಂದ ಗೀರು ಬೀಳದೆ ನಯವಾಗುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಪುಡಿಗೆ ನೀರು ಬೆರೆಸಿ ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಳ್ಳಿ. ಗಾಜಿನ ಸುತ್ತ ಪೇಂಟು, ರಬ್ಬರಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಉಣ್ಣೆಯ ಫೆಲ್ಟ್ ಪ್ಯಾಡಿನಿಂದ, ಕೈಯಲ್ಲೇ ಆದರೆ ತಾಳ್ಮೆಯಿಂದ, ಪಾಲಿಶಿಂಗ್ ಯಂತ್ರವಾದರೆ ಕಡಿಮೆ ವೇಗದಲ್ಲಿ, ಅಂಗೈ ಎರಡರಷ್ಟು ಜಾಗ ಉಜ್ಜಿ. ಪುಡಿ ಒಣಗಲು ಬಿಡಬೇಡಿ, ಆಗಾಗ ನೀರು ಚಿಮುಕಿಸಿ. ನಡುನಡುವೆ ಅಂಗೈ ಇಟ್ಟು ನೋಡಿ. ಗಾಜು ಬಿಸಿಯಾಗಿದ್ದರೆ ನಿಲ್ಲಿಸಿ, ಬಿಸಿ ಹೆಚ್ಚಾದರೆ ಬಿರುಕು ಬಿಡಬಹುದು. ಒಂದೇ ಕಡೆ ಬಹಳ ಹೊತ್ತು ತೇಯ್ದರೆ ಆ ಜಾಗ ತಗ್ಗಾಗಿ, ಅದರ ಮೂಲಕ ನೋಡಿದಾಗ ರಸ್ತೆ ಅಲೆಯಲೆಯಾಗಿ ಕಾಣುತ್ತದೆ. ಚಾಲಕನ ಕಣ್ಣಿನ ನೇರಕ್ಕಿರುವ ಭಾಗದಲ್ಲಿ ಅದು ಮಬ್ಬಿಗಿಂತ ಕೆಟ್ಟದ್ದು. ಯಂತ್ರ ಹಿಡಿದು ರೂಢಿಯಿಲ್ಲದವರು ಈ ಒಂದು ಕೆಲಸವನ್ನು ಡೀಟೇಲಿಂಗ್ ಗ್ಯಾರೇಜಿನವರಿಗೆ ಬಿಡುವುದೇ ಸರಿ.

ಮಾಡಬಾರದ್ದು

ದಿನಾ ಬೆಳಗ್ಗೆ ಒಣಗಿದ ಧೂಳಿನ ಮೇಲೆ ಬಟ್ಟೆ ಆಡಿಸುವುದು, ಧೂಳು ತುಂಬಿದ ಗಾಜಿನ ಮೇಲೆ ನೀರಿಲ್ಲದೆ ವೈಪರ್ ಹಾಕುವುದು, ಇವೆರಡೇ ನಮ್ಮ ಗಾಜುಗಳ ಆಯುಸ್ಸು ತಿನ್ನುವುದು. ಮೋಸ್ ಗಡಸುತನದ ಅಳತೆಯಲ್ಲಿ ಗಾಜು ಸುಮಾರು 5.5, ರಸ್ತೆಯ ಮರಳಿನಲ್ಲಿರುವ ಸ್ಫಟಿಕ 7. ಮರಳು ಗಾಜನ್ನು ಗೀರಿಯೇ ಗೀರುತ್ತದೆ. ಬಳ್ಳಾರಿ, ಸಂಡೂರಿನ ಕಡೆ ಅದಿರಿನ ಧೂಳಿನಲ್ಲಿ ಓಡುವ ಗಾಡಿಗಳವರು ಇದನ್ನು ಹೆಚ್ಚು ಗಮನಿಸಬೇಕು. ಆಯುಧಪೂಜೆಯ ಮರುದಿನವೂ ಅಷ್ಟೇ: ಗಾಜಿನ ಮೇಲೆ ಒಣಗಿದ ವಿಭೂತಿ, ಗಂಧ, ಕುಂಕುಮ, ಸಿಡಿದ ಎಳನೀರು ಇರುತ್ತವೆ. ಮೊದಲು ನೀರು ಸುರಿದು ನೆನೆಯಲು ಬಿಡಿ, ಆಮೇಲೆ ಕೈ ಹಚ್ಚಿ.

ಟಾಯ್ಲೆಟ್ ತೊಳೆಯುವ ಆಸಿಡ್ ಕಾರಿನ ಹತ್ತಿರ ಬರಬಾರದು. ಗಾಜಿನ ಸುಣ್ಣ ಹೋದರೂ ಅದರ ಹೊಗೆ, ಹನಿ ಲೋಹವನ್ನೂ ಪೇಂಟನ್ನೂ ಕೆಡಿಸುತ್ತವೆ. ಕಲೆ ಕ್ಷಣದಲ್ಲಿ ಮಾಯ ಎಂದು ಹೆಸರಿಲ್ಲದ ಬಾಟಲಿಯಲ್ಲಿ ಕೊಡುವ ದ್ರವದ ಬಗ್ಗೆ ಇನ್ನೂ ಎಚ್ಚರ ಬೇಕು. ಹೈಡ್ರೊಫ್ಲೋರಿಕ್ ಆಸಿಡ್ಡೋ ಬೈಫ್ಲೋರೈಡೋ ಇದ್ದರೆ ಅದು ಗಾಜನ್ನೇ ಕೊರೆದು ಶಾಶ್ವತ ಮಬ್ಬು ಮಾಡುತ್ತದೆ. ಚರ್ಮದ ಮೂಲಕ ಒಳಗಿಳಿದು ಜೀವಕ್ಕೂ ಅಪಾಯ. ಸೀಮೆಎಣ್ಣೆ, ಡೀಸೆಲ್ ಟಾರನ್ನು ಕರಗಿಸಿದರೂ ತಮ್ಮದೇ ಜಿಡ್ಡು ಉಳಿಸಿ ಹೋಗುತ್ತವೆ. ಟೂತ್‌ಪೇಸ್ಟ್ ಉಗುರಗಲದ ಕಲೆಗೆ ಸ್ವಲ್ಪ ಕೆಲಸ ಮಾಡೀತು, ಇಡೀ ಗಾಜಿಗೆ ಬಳಿದರೆ ಸಂದಿಗೊಂದಿಯ ಬಿಳಿ ತೆಗೆಯುವುದರಲ್ಲೇ ದಿನ ಹೋಗುತ್ತದೆ.

ವೈಪರ್ ಮತ್ತು ನೀರಿನ ಟ್ಯಾಂಕ್

ಗಾಜು ತಿಳಿಯಾದ ಮೇಲೆ ಹಳೇ ವೈಪರನ್ನೇ ಹಾಗೇ ಬಿಟ್ಟರೆ ಎರಡೇ ದಿನದಲ್ಲಿ ಮಬ್ಬು ಮರಳುತ್ತದೆ. ಅದರ ರಬ್ಬರಿನ ಅಂಚನ್ನು ಐಪಿಎ ಹಚ್ಚಿದ ಬಟ್ಟೆಯ ನಡುವೆ ಹಿಡಿದು, ಬಟ್ಟೆಗೆ ಕಪ್ಪು ಹತ್ತುವುದು ಕಡಿಮೆಯಾಗುವವರೆಗೆ ಎಳೆಯಿರಿ. ಅಂಚು ಸೀಳಿದ್ದರೆ, ಗಟ್ಟಿಯಾಗಿದ್ದರೆ ಬದಲಿಸಿ. ನಮ್ಮ ಬಿಸಿಲಿಗೆ ರಬ್ಬರ್ ಒಂದು ವರ್ಷಕ್ಕಿಂತ ಹೆಚ್ಚು ಮೆತ್ತಗಿರುವುದು ಅಪರೂಪ. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಹೊಸದು ಹಾಕಿಸುವುದು ಒಳ್ಳೆಯ ರೂಢಿ. ಬಾನೆಟ್ಟಿನೊಳಗಿನ ವಾಷರ್ ಟ್ಯಾಂಕಿಗೆ ಬೋರ್‌ವೆಲ್ ನೀರು ತುಂಬಿಸಬೇಡಿ, ಪಾತ್ರೆ ಲಿಕ್ವಿಡ್ಡೂ ಬೇಡ. ನೊರೆ ಒಣಗಿ ಗಾಜಿನ ಮೇಲೆ ಪದರವಾಗುತ್ತದೆ, ಲವಣ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಆರ್‌ಒ ಶುದ್ಧೀಕರಿಸಿದ ನೀರಿಗೆ ವಾಷರ್ ಫ್ಲೂಯಿಡ್ ಬೆರೆಸಿ ಹಾಕಿ. ಇನ್ನು ಮುಂದೆ ಕಾರನ್ನು ಸರ್ವಿಸ್‌ಗೆ ಬಿಡುವಾಗ ಎರಡು ಮಾತು ಮೊದಲೇ ಹೇಳಿಬಿಡಿ: ಡ್ಯಾಶ್‌ಬೋರ್ಡಿಗೆ ಪಾಲಿಶ್ ಬೇಡ, ಗಾಜಿಗೆ ವ್ಯಾಕ್ಸ್ ತಗಲಬಾರದು.

ಆಗುಂಬೆ, ಚಾರ್ಮಾಡಿ, ಮಡಿಕೇರಿಯ ಮಳೆಯಲ್ಲಿ ಹಿಡಿಯುವ ಹಬೆ ಬೇರೆ, ಅದು ಕೊಳೆಯಲ್ಲ. ಒಳಗಡೆ ಹಬೆ ಹಿಡಿದರೆ ಎಸಿ ಹಾಕಿ, ಹೊರಗಿನ ಗಾಳಿ ಒಳಬರುವಂತೆ ಬಟನ್ ತಿರುಗಿಸಿ, ಗಾಳಿಯನ್ನು ಗಾಜಿನ ಕಡೆ ಬಿಡಿ. ಮಂಗಳೂರಿನ ಸೆಕೆಯಲ್ಲಿ ಎಸಿ ಜೋರಾಗಿದ್ದು ಗಾಜಿನ ಹೊರಗೆ ಹಬೆ ಕಾಣಿಸಿದರೆ ಎಸಿಯ ತಂಪು ಕಡಿಮೆ ಮಾಡಿ ವೈಪರ್ ಹಾಕಿದರೆ ಸಾಕು.

ಇಷ್ಟೆಲ್ಲ ಮಾಡಿದ ಮೇಲೂ ಎದುರು ಬಿಸಿಲಿಗೆ ಗಾಜಿನ ತುಂಬಾ ಸೂಜಿಮೊನೆಯಷ್ಟು ಚುಕ್ಕೆಗಳು ಮಿನುಗಿದರೆ ಅವು ಕಲೆಗಳಲ್ಲ. ಹೆದ್ದಾರಿಯಲ್ಲಿ ವರ್ಷಗಟ್ಟಲೆ ಮರಳು, ಜಲ್ಲಿ ಬಡಿದು ಬಿದ್ದ ಸಣ್ಣ ಕುಳಿಗಳು. ಉಗುರಿಗೆ ತಡೆಯುವ ವೈಪರ್ ಗೀರು ಕೂಡ ಅಷ್ಟೇ. ಯಾವ ಪಾಲಿಶ್ಶೂ ಇವನ್ನು ಸುರಕ್ಷಿತವಾಗಿ ತುಂಬಲಾರದು, ಗಾಜು ಬದಲಿಸಿ. ಸವೆತಕ್ಕೆ ವಿಮೆ ಸಿಗುವುದಿಲ್ಲ. ಅಪಘಾತದಲ್ಲಿ ಗಾಜು ಒಡೆದಿದ್ದರೆ ಸಮಗ್ರ ಪಾಲಿಸಿಯಲ್ಲಿ ಸಿಗುತ್ತದೆ, ಗಾಜಿನ ಭಾಗಗಳಿಗೆ ಸವಕಳಿ ಕಡಿತವೂ ಇಲ್ಲ. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗಬಹುದು, ಲೆಕ್ಕ ಹಾಕಿ ನೋಡಿ. ಹೊಸ ಗಾಜಿನ ಅಂಟು ಗಟ್ಟಿಯಾಗಲು ಕೂರಿಸಿದವರು ಎಷ್ಟು ಹೊತ್ತು ಹೇಳುತ್ತಾರೋ ಅಷ್ಟು ಹೊತ್ತು ಕಾರು ಓಡಿಸಬೇಡಿ. ಕನ್ನಡಿಯ ಹಿಂದೆ ಕ್ಯಾಮೆರಾ ಇರುವ ಕಾರಾದರೆ ಅದನ್ನು ಮತ್ತೆ ಸರಿಹೊಂದಿಸಿ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ಹಳೇ ಗಾಜಿನ ಜತೆ ಫಾಸ್ಟ್ಯಾಗ್ ಕೂಡ ಹೋಗುತ್ತದೆ, ಟೋಲ್ ಇರುವ ರಸ್ತೆಗೆ ಹೊರಡುವ ಮೊದಲು ಬ್ಯಾಂಕಿನಿಂದ ಬದಲಿ ಟ್ಯಾಗ್ ತರಿಸಿಕೊಳ್ಳಿ.